ಕಳಚಿಟ್ಟ ಲಾಳ

ಹಿಮದಲ್ಲಿ ಹಸಿದು ಕೂತ ಬೆಟ್ಟದ ಕುರಿಗಳಿಗೆ ನಲವತ್ತು ಮೂಟೆ ಬಾರ್ಲಿ ಮುಟ್ಟಿಸಿದರೆ ಅವುಗಳ ವರ್ಷದ ಉಣ್ಣೆಯೆಲ್ಲ ಹೇಸರಗತ್ತೆಗೆ ಎಂದು ಕರಾರಾಯಿತು. ಹೇಸರಗತ್ತೆ ವಾಹನದ ಅಂಗಡಿಗೆ ಹೋಗಿ ಆರು ಸಿಲಿಂಡರಿನ ಜೀಪನ್ನು ಆರಿಸಿತು.

ಗೋಡೆಗೆ ತೂಗುಹಾಕಿದ್ದ ಸರಪಳಿ, "ಯಜಮಾನರೇ, ಹಿಮದಲ್ಲಿ ಚಕ್ರ ಜಾರುತ್ತದೆ. ಅದಕ್ಕೆ ಸುತ್ತಲು ನನ್ನನ್ನೂ ಒಯ್ಯಿರಿ" ಎಂದಿತು.

"ಆರು ಸಿಲಿಂಡರಿನವನಿಗೆ ಕಾಲ್ಗೆಜ್ಜೆ ತೊಡಿಸುತ್ತೀಯಾ?" ಎಂದು ಜೀಪು ನಕ್ಕಿತು. "ಯಜಮಾನರೇ, ನಾನಿರುವಾಗ ನಿಮಗಾದರೂ ಲಾಳದ ಭಾರ ಯಾಕೆ?"

ಹೇಸರಗತ್ತೆಯೂ ನಕ್ಕು, ತನ್ನ ನಾಲ್ಕೂ ಲಾಳ ಕಳಚಿ ಸರಪಳಿಯ ಪಕ್ಕದಲ್ಲಿಟ್ಟು ಜೀಪು ಹತ್ತಿತು.

ಮೂಟೆಗಳನ್ನು ಹೇರಿಕೊಂಡು ಹೊರಟ ಮೇಲೆ, ಬೆಟ್ಟದ ದಾರಿಯ ಮೂರನೆಯ ತಿರುವಿನಲ್ಲಿ ಚಕ್ರ ತಿರುಗಿತೇ ಹೊರತು ಜೀಪು ಏರಲಿಲ್ಲ. ಆರೂ ಸಿಲಿಂಡರು ಗರ್ಜಿಸಿದಷ್ಟೂ ಅದು ಹೂತುಕೊಂಡಿತು. ಒಂದು ಮೂಟೆಯನ್ನಾದರೂ ಹೊರೋಣವೆಂದು ಇಳಿದ ಹೇಸರಗತ್ತೆಯ ಬರಿಗೊರಸೂ ಜಾರಿತು. ಮೇಲಿನಿಂದ ಕುರಿಗಳ ಕೂಗು ಮೂರು ದಿನ ಕೇಳಿಸಿತು, ನಾಲ್ಕನೆಯ ದಿನ ಕೇಳಿಸಲಿಲ್ಲ.

ಒಟ್ಟು ಲಾಭ, ಹಿಮದಲ್ಲಿ ಚಕ್ರದಷ್ಟು ಆಳದ ಒಂದು ಗುಂಡಿ.