ಮುಚ್ಚಿದ ಬಾಗಿಲ ಪ್ರಸಾದ

ಮುತ್ತಲಕೊಪ್ಪದ ಹಳ್ಳದ ದಂಡೆಯಲ್ಲಿ ಎರಡೇ ಕೋಣೆಯ ಮಣ್ಣಿನ ಮಠ. ಪೂಜ್ಯ ಅಡವಯ್ಯಜ್ಜನವರು ಅಲ್ಲಿ ನೆಲೆಸಿದ್ದರು. ಕಸ ತಾವೇ ಗುಡಿಸುವರು, ನೀರು ತಾವೇ ಹೊರುವರು. ಬಂದವರೆಲ್ಲ ಉಂಡ ಮೇಲೆ ಒಂದು ಜೋಳದ ರೊಟ್ಟಿ ಸ್ವೀಕರಿಸುವರು. ಇಂಥವರ ಮೇಲೂ ಊರಿಗೆ ಸಂಶಯ ಹುಟ್ಟಿತು.

ದಿನವೂ ಮಧ್ಯಾಹ್ನ ಪಂಕ್ತಿ ಎದ್ದ ಮೇಲೆ ಅಜ್ಜನವರು ಹಾಲು ತುಪ್ಪ ಬೆರೆಸಿದ ಗೋಧಿ ಹುಗ್ಗಿಯ ಬಟ್ಟಲು ಹಿಡಿದು ಒಳಕೋಣೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಹೊರಬರುವಾಗ ಬಟ್ಟಲು ಬರಿದು. ಅಡುಗೆಯ ಗಂಗವ್ವನನ್ನು ಕೇಳಿದರೆ ತಲೆ ತಗ್ಗಿಸಿ ಸುಮ್ಮನಾಗುವಳು. ಆ ಮೌನವೇ ಊರಗೌಡರಾದ ವಿರೂಪನಗೌಡರ ಅನುಮಾನವನ್ನು ಗಟ್ಟಿ ಮಾಡಿತು. ಜನರೆದುರು ಒಣರೊಟ್ಟಿ, ಮರೆಯಲ್ಲಿ ತುಪ್ಪದೂಟ ಎಂದು ಕಟ್ಟೆಯ ಮೇಲೆ ಆಡಿದರು. ಮೂರು ದಿನ ಹೊಂಚಿ ನೋಡಿ, ನಾಲ್ಕನೆಯ ದಿನ ಬಾಗಿಲು ನೂಕಿಯೇ ಬಿಟ್ಟರು.

ಒಳಗೆ ಗೋಡೆಗೊರಗಿ ಕುಳಿತಿದ್ದವನು ಪೈಲವಾನ ಹನಮಪ್ಪ. ಗೌಡರು ಹರೆಯದಲ್ಲಿ ಹೆಗಲ ಮೇಲೆ ಹೊತ್ತು ಕುಣಿದಿದ್ದ ಜಟ್ಟಿ. ಎಂದೋ ತೀರಿಕೊಂಡನೆಂದೇ ತಿಳಿದಿದ್ದರು. ಈಗ ಕೈ ಅದುರುತ್ತಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು. ಅಜ್ಜನವರು ತುತ್ತು ಇಡುತ್ತಿದ್ದರು. ಜಾರಿದ್ದನ್ನು ತಮ್ಮ ಕಾವಿಯ ಸೆರಗಿನಿಂದ ಒರೆಸುತ್ತಿದ್ದರು. ಗೌಡರನ್ನು ಕಂಡೊಡನೆ ಮುದುಕ ಮುಖ ಮುಚ್ಚಿಕೊಂಡ.

ಅಜ್ಜನವರು ಸಿಟ್ಟಾಗಲಿಲ್ಲ. ಮೆಲ್ಲಗೆ ನುಡಿದರು: "ಇವರು ಗೆಲ್ಲೋದನ್ನ ಸಾವಿರ ಮಂದಿ ನೋಡ್ಯಾರ. ತುತ್ತು ಜಾರೋದನ್ನ ನೋಡಾಕ ನಾನೊಬ್ಬ ಸಾಕು. ಬಾಗಿಲಾ ಮುಂದ ಮಾಡಪಾ."

ಗೌಡರು ಬಾಗಿಲು ಮುಚ್ಚಿ ಹೊರಗೆ ನಿಂತರು. ಅವರಿಗೆ ಮನೆಯಲ್ಲಿದ್ದ ತಮ್ಮ ತಾಯಿ ನೀಲವ್ವ ನೆನಪಾದಳು. ಲಕ್ವ ಹೊಡೆದ ಮೇಲೆ, ಚೆಲ್ಲಾಡುತ್ತಾಳೆಂದು, ಅವಳ ತಾಟನ್ನು ತಲೆಬಾಗಿಲ ಪಡಸಾಲೆಯಲ್ಲಿಡುತ್ತಿದ್ದರು. ಹೋಗಿ ಬರುವವರೆಲ್ಲ ನೋಡುತ್ತಿದ್ದರು. "ನನ್ನ ಗ್ವಾಡಿ ಕಡೆ ತಿರುಗಿಸಿ ಕೂಡಸೋ" ಎಂದು ಅವಳು ಎಷ್ಟು ಸಲ ಬೇಡಿಕೊಂಡಿದ್ದಳು! ಮುದಿತನದ ಮುನಿಸೆಂದು ಗೌಡರು ಕಿವಿಗೆ ಹಾಕಿಕೊಂಡಿರಲಿಲ್ಲ.

ಮನೆಗೆ ಬಂದವರೇ ತಾಯಿಯನ್ನು ಎತ್ತಿಕೊಂಡು ನಡುಮನೆಗೆ ಒಯ್ದರು. ಹೆಂಡತಿಯನ್ನೂ ಹೊರಗೆ ಕಳಿಸಿ, ರೊಟ್ಟಿಯನ್ನು ಬೆಲ್ಲ ಹಾಕಿದ ಹಾಲಿನಲ್ಲಿ ಕಿವುಚಿ ತುತ್ತು ಹಿಡಿದರು. ನೀಲವ್ವ ಬಾಯಿ ತೆರೆಯಲಿಲ್ಲ. ಮಗನ ಮುಖವನ್ನೇ ದಿಟ್ಟಿಸಿದಳು.

"ಏನ್ ಬೇಕಾಗೇತಿ ನಿನಗ? ಆಸ್ತಿ ಕಾಗದಕ್ಕ ಹೆಬ್ಬಟ್ಟು ಒತ್ತಬೇಕಾ?"

ಅಜ್ಜನವರನ್ನೇ ಅನುಮಾನಿಸಿದ್ದ ಗೌಡರಿಗೆ ಹೆತ್ತವಳ ಅನುಮಾನ ಎದೆಗೆ ನಾಟಿತು. ಮರುದಿನವೂ ಹಾಗೆಯೇ ಕುಳಿತರು. ಅವಳು ಮೋರೆ ತಿರುಗಿಸಿದಳು. ಐದನೆಯ ದಿನ ಒಂದು ತುತ್ತು ತೆಗೆದುಕೊಂಡಳು. ಬಹಳ ಹೊತ್ತು ನುರಿಸಿ ನುಂಗಿ, "ಬೆಲ್ಲಾ ಕಡಿಮಿ ಆಗೇತಿ" ಎಂದಳು.

ಮುಂದೆ ಗೌಡರು ಅಜ್ಜನವರ ಮಹಿಮೆಯನ್ನು ಹೇಳಿದಾಗಲೆಲ್ಲ ತಾಯಿಯ ಈ ಮಾತಿಗೆ ಬಂದು ನಿಲ್ಲುತ್ತಿದ್ದರು.