ಸಂವತ್ಸರಕ್ಕೊಂದು ಊದುಬತ್ತಿ

ವ್ಯವಹಾರ ಆರು ಲಕ್ಷದ್ದು. ಅರವತ್ತು ಸಂವತ್ಸರಕ್ಕೆ ಅರವತ್ತು ಬಗೆಯ ಊದುಬತ್ತಿ. ಗಿರಾಕಿ ತಾನು ಹುಟ್ಟಿದ ಸಂವತ್ಸರದ್ದನ್ನು ಆರಿಸಿ ಕೊಳ್ಳಬೇಕು. ಒಂದು ಬಗೆ ಕಮ್ಮಿಯಾದರೂ ಬೇಡ ಎಂದಿದ್ದರು ಸಗಟು ವ್ಯಾಪಾರಿ ಧರಣೇಂದ್ರ ಶೆಟ್ಟರು. ಅವರು ಆಶ್ರಮಕ್ಕೆ ಬಂದದ್ದು ಮಾಲು ನೋಡಲು, ಕೈ ಮುಗಿಯಲು ಅಲ್ಲ.

ನದಿ ದಂಡೆಯ ಆ ಆಶ್ರಮದಲ್ಲಿ ಇದ್ದದ್ದು ಐದೇ ಪರಿಮಳ: ಗಂಧ, ಸಂಪಿಗೆ, ಲಾವಂಚ, ಕೇದಗೆ, ದವನ. ಈ ಆರ್ಡರ್ ಕೈತಪ್ಪಿದರೆ ಬತ್ತಿ ಹೊಸೆಯುವ ಚಾವಡಿಗೆ ಬೀಗ.

ಶಿಷ್ಯ ಶಾಂತವೀರ ಲ್ಯಾಪ್‌ಟಾಪ್ ಹಿಡಿದು ಓಡಿಬಂದ.

“ಗುರುಗಳೇ, ಸಿಕ್ಕಿಬಿಡ್ತು! ಡಬ್ಬಿಗೆ ಮೂರು ಪರಿಮಳದ ಬತ್ತಿ ಹಾಕೋಣ. ಐದರಲ್ಲಿ ಮೂರನ್ನು ಎಷ್ಟು ಥರ ಸಾಲಾಗಿ ಜೋಡಿಸಬಹುದು? ಸ್ಪ್ರೆಡ್‌ಶೀಟ್‌ನಲ್ಲಿ ಪರ್ಮುಟ್ ಅಂತ ಒಂದು ಫಂಕ್ಷನ್ ಇದೆ. ಐದು, ಮೂರು ಅಂತ ಕೊಟ್ಟೆ. ಸರಿಯಾಗಿ ಅರವತ್ತು!”

“ಜೋಡಿಸಿ ತಾ.”

ಅವನು ಎರಡು ಡಬ್ಬಿ ತಂದ. ಒಂದರಲ್ಲಿ ಗಂಧ, ಸಂಪಿಗೆ, ಲಾವಂಚ. ಇನ್ನೊಂದರಲ್ಲಿ ಸಂಪಿಗೆ, ಗಂಧ, ಲಾವಂಚ.

ಗುರುಗಳು ಮುಚ್ಚಳ ಹಾಕಿ, ಎರಡನ್ನೂ ಗಲಗಲ ಅಲ್ಲಾಡಿಸಿ ಶೆಟ್ಟರ ಮುಂದಿಟ್ಟರು.

ಶೆಟ್ಟರು ತೆರೆದು ನೋಡಿ ನಕ್ಕರು. “ಪ್ರಭವಕ್ಕೂ ವಿಭವಕ್ಕೂ ಒಂದೇ ಮಾಲಾ, ಸ್ವಾಮಿ? ಹುಡುಗ ನನಗೇ ಟೋಪಿ ಹಾಕೋಕೆ ಹೊರಟಿದ್ದಾನಲ್ಲ!”

ಶಾಂತವೀರ ಮತ್ತೆ ಲೆಕ್ಕ ಹಾಕಿದ. “ಆರಾರು ಡಬ್ಬಿ ಒಂದೇ ಆಗಿಬಿಡ್ತವೆ, ಗುರುಗಳೇ. ಉಳಿಯೋದು ಬರೀ ಹತ್ತು.”

“ಲೆಕ್ಕ ತಪ್ಪಾ?”

“ಲೆಕ್ಕ ಸರಿ. ಡಬ್ಬಿಯಲ್ಲಿ ಸಾಲು ನಿಲ್ಲಲ್ಲ.”

“ಹಾಗಾದರೆ ಹಿಟ್ಟು ತಾ.”

ಮೂರು ಪರಿಮಳದ ಹಿಟ್ಟು ಬಂತು. ಗುರುಗಳು ಮಣೆಯ ಮೇಲೆ ಒಂದು ಬಿದಿರುಕಡ್ಡಿ ಇಟ್ಟರು. ತುದಿಗೆ ಗಂಧ, ನಡುವೆ ಸಂಪಿಗೆ, ಕೆಳಗೆ ಲಾವಂಚ. ಮೂರನ್ನೂ ಸೇರಿಸಿ ಒಂದೇ ಬತ್ತಿ ಹೊಸೆದರು.

“ಈಗ ಅಲ್ಲಾಡಿಸು.”

ಶಾಂತವೀರ ಅಲ್ಲಾಡಿಸಿದ. ಇನ್ನೊಮ್ಮೆ ಅಲ್ಲಾಡಿಸಿದ. ಆಮೇಲೆ ಕುಣಿದೇಬಿಟ್ಟ. “ಒಂದಾದ ಮೇಲೊಂದು ಉರಿಯುತ್ತೆ! ಸಾಲು ಕದಲೋದೇ ಇಲ್ಲ! ಅರವತ್ತಕ್ಕೆ ಅರವತ್ತೂ ಬೇರೆ ಬೇರೆ!”

ಶೆಟ್ಟರು ಅಷ್ಟಕ್ಕೇ ಬಿಡುವವರಲ್ಲ. “ತಲೆಕೆಳಗು ಮಾಡಿ ಹಚ್ಚಿದರೆ?”

“ಹೇಗೆ ಹಚ್ತೀರಿ, ಶೆಟ್ರೇ? ಆ ಕಡೆ ಬರೀ ಕಡ್ಡಿ!” ಎಂದ ಶಾಂತವೀರ.

ಶೆಟ್ಟರ ಕೈ ಮುಂಗಡಕ್ಕೆಂದು ಚೀಲದೊಳಗೆ ಹೋಯಿತು. “ಹುಡುಗ ಆಗಲೂ ಅರವತ್ತು ಅಂದ, ಈಗಲೂ ಅರವತ್ತೇ ಅಂತಾನೆ. ನಿಮಗೆ ಗಿಟ್ಟಿದ್ದೇನು, ಸ್ವಾಮಿ?”

ಗುರುಗಳು ಕೈಗಂಟಿದ ಹಿಟ್ಟನ್ನು ಮಣೆಗೆ ಒರೆಸಿದರು.

“ಆಗ ಹತ್ತು, ಈಗ ಅರವತ್ತು. ಗಿಟ್ಟಿದ್ದು ಐವತ್ತು. ಹಿಟ್ಟು ಮಾತ್ರ ಅದೇ ಐದು.”