ಏಳನೆಯ ಎಳೆ

ಹೊಳೆದಂಡೆಯ ಮೇಲೆ ಒಂದು ತಗಡಿನ ಷೆಡ್ಡಿತ್ತು. ಅದೇ ಜವರಪ್ಪ ಮೇಷ್ಟ್ರ ಶಾಲೆ.

ಅಲ್ಲಿ ಅವರು ಕಲಿಸುತ್ತಿದ್ದುದು ಒಂದೇ ವಿದ್ಯೆ. ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳಲ್ಲಿ ಬೆಳಕು ಹರಿಯುತ್ತದೆ. ಆ ಬೆಳಕಿನಲ್ಲಿ ಜನರ ಮಾತು, ಪತ್ರ, ಚಿತ್ರ ಎಲ್ಲವೂ ಊರಿಂದೂರಿಗೆ ಹೋಗುತ್ತವೆ. ಎಳೆಗೆ ಎಳೆ ಕೂಡಿಸಿದ ಜಾಗದಲ್ಲಿ ಬೆಳಕು ಸೋರುತ್ತಿದೆಯೇ ಎಂದು ನೋಡಿ ಹೇಳುವುದೇ ಆ ವಿದ್ಯೆ.

ನಂಜಮಣಿ ಅಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ತೇಳು. ಊದುಬತ್ತಿ ಹೊಸೆಯುವ ಕೆಲಸ ಬಿಟ್ಟು ಬಂದಿದ್ದಳು. ಅದಕ್ಕೆ ಮೊದಲು ಈ ಕೆಲಸ ಕಲಿಸುವ ಎರಡು ಕಡೆ, "ಹೆಂಗಸರಿಗೆ ಕಂಬ ಹತ್ತೋಕಾಗುತ್ತೇನಮ್ಮ?" ಎಂದು ವಾಪಸು ಕಳಿಸಿದ್ದರು.

ಜವರಪ್ಪ ಕೇಳಿದ್ದು ಬೇರೆ.

"ಊಟ ಮಾಡಿದ್ಯಾ?"

"ಇಲ್ಲ ಮೇಷ್ಟ್ರೇ."

ಅವರು ತಮ್ಮ ಬುತ್ತಿಯ ಮುದ್ದೆಯಲ್ಲಿ ಅರ್ಧ ಮುರಿದುಕೊಟ್ಟರು.

"ತಿಂದು, ಸೋಪು ಹಾಕಿ ಕೈ ತೊಳ್ಕೊ. ಎಳೆಗೆ ಜಿಡ್ಡು ಆಗಲ್ಲ."

ಅವತ್ತೇ ಪಾಠ ಶುರುವಾಯಿತು.

ಎಂಟು ತಿಂಗಳು ಕಳೆಯಿತು. ನಂಜಮಣಿ ಮುರಿದ ಎಳೆಗಳಿಗೆ ಲೆಕ್ಕವಿಲ್ಲ. ಮುರಿದಾಗಲೆಲ್ಲ ಜವರಪ್ಪ, "ಗಾಜಲ್ವಾ, ಮುರಿಯುತ್ತೆ" ಎಂದು ಇನ್ನೊಂದನ್ನು ಕೈಗೆ ಕೊಡುತ್ತಿದ್ದರು. ಒಂದು ದಿನವೂ ಗದರಿಸಲಿಲ್ಲ. ಹೆತ್ತ ಅಪ್ಪನೂ ಅವಳನ್ನು ಹಾಗೆ ನೋಡಿಕೊಂಡವನಲ್ಲ. ಮೇಷ್ಟ್ರ ಕೆಲಸದಲ್ಲಿ ಕೊರತೆಯಿದೆ ಎಂದು ಯಾರಾದರೂ ಅಂದಿದ್ದರೆ ಅವಳು ಜಗಳಕ್ಕೇ ನಿಲ್ಲುತ್ತಿದ್ದಳು.

ಕೊನೆಯ ಪರೀಕ್ಷೆ ಬಂತು.

ಹೊಳೆಯಾಚೆಯ ಆಸ್ಪತ್ರೆಗೆ ಹೊಸ ಲೈನು ಎಳೆದಿದ್ದರು. ಹನ್ನೆರಡು ಎಳೆ. ಆಸ್ಪತ್ರೆಯ ಗೋಡೆಪೆಟ್ಟಿಗೆಯಲ್ಲಿ ಅಷ್ಟನ್ನೂ ಜೋಡಿಸಿದವರು ಜವರಪ್ಪನವರೇ. ಸೋಮವಾರದಿಂದ ರೋಗಿಗಳ ಎದೆಬಡಿತದ ಪಟ್ಟಿ ಆ ಲೈನಿನಲ್ಲೇ ಪಟ್ಟಣದ ಡಾಕ್ಟರಿಗೆ ಹೋಗಬೇಕಿತ್ತು.

"ಹನ್ನೆರಡನ್ನೂ ನೋಡ್ಕೊಂಡು ಬಾ," ಎಂದರು ಜವರಪ್ಪ. "ನೀನು ಸರಿ ಅಂದ್ರೆ ಸೋಮವಾರ ಶುರು."

ನಂಜಮಣಿ ಸೇತುವೆ ದಾಟಿ ಹೋದಳು. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಮೀಟರ್ ಹಚ್ಚಿ ಕೂತಳು. ಎಳೆಯೊಳಗೆ ಬೆಳಕು ಬಿಟ್ಟರೆ ಆ ಮೀಟರ್ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಜೋಡಣೆ ಸರಿಯಿದ್ದರೆ ಗೆರೆ ಸಲೀಸಾಗಿ ಸಾಗುತ್ತದೆ. ಇಲ್ಲದಿದ್ದರೆ ಮೆಟ್ಟಿಲು ಇಳಿದ ಹಾಗೆ ಕುಸಿಯುತ್ತದೆ.

ಆರು ಎಳೆ ಸಲೀಸಾಗಿ ಸಾಗಿದವು.

ಏಳನೆಯದು ಕುಸಿಯಿತು.

ಅವಳು ತುದಿ ಒರೆಸಿ ಮತ್ತೆ ನೋಡಿದಳು. ಮೀಟರಿನ ವೈರು ಬದಲಾಯಿಸಿ ನೋಡಿದಳು. ಮೂರನೇ ಸಲವೂ ಅದೇ ಮೆಟ್ಟಿಲು, ಅದೇ ಜಾಗದಲ್ಲಿ.

ಮೀಟರೇ ಕೆಟ್ಟಿರಬೇಕು ಅಂದುಕೊಂಡಳು. ಆದರೆ ಉಳಿದ ಐದು ಎಳೆಗಳಿಗೆ ಮೀಟರ್ ಚೆನ್ನಾಗಿಯೇ ಇತ್ತು.

ಆಗ ಅವಳಿಗೆ ಒಂದು ವಿಷಯ ನೆನಪಾಯಿತು. ಈಚೆಗೆ ಮೇಷ್ಟ್ರು ಎಳೆಯನ್ನು ಕಣ್ಣಿನಿಂದ ದೂರ ದೂರ ಹಿಡಿದು ನೋಡುತ್ತಿದ್ದರು. ಅದನ್ನು ಕಂಡಾಗಲೆಲ್ಲ ಅವಳು ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದಳು.

ನಂಜಮಣಿ ತುಂಬ ಹೊತ್ತು ಪೆನ್ನು ಹಿಡಿದು ಕೂತಳು. ಆಮೇಲೆ ಏಳನೆಯ ಸಾಲಿನಲ್ಲಿ 'ಸರಿ' ಎಂದು ಬರೆದಳು.

ಷೆಡ್ಡಿನಲ್ಲಿ ಜವರಪ್ಪ ಆ ಹಾಳೆಯನ್ನು ದೂರ ಹಿಡಿದು ಓದಿದರು.

"ಹನ್ನೊಂದು 'ಸರಿ' ಗೀಚಿದ್ದೀಯ. ಏಳನೇದು ಮಾತ್ರ ಇಷ್ಟು ದುಂಡಗಿದೆಯಲ್ಲ?"

ನಂಜಮಣಿ ಹಾಳೆಗೆ ಕೈ ಚಾಚಿದಳು. ಅವರು ಕೊಡಲಿಲ್ಲ.

"ನೋಡಿದ್ಯಾ ಅದನ್ನ?"

"ನೋಡ್ದೆ ಮೇಷ್ಟ್ರೇ."

"ಏನು ಕಂಡಿತು?"

ಅವಳ ಕಣ್ಣು ತುಂಬಿಬಂತು. "ನೀವು ಜೋಡಿಸಿದ್ದು ಅಂತ ಕಂಡಿತು."

ಜವರಪ್ಪ ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. ಚಪ್ಪಲಿ ಮೆಟ್ಟಿದರು.

"ಗಾಡಿ ತೆಗಿ."

ಅವಳು ಮೊಪೆಡ್ ಓಡಿಸಿದಳು. ಅವರು ಜೋಡಿಸುವ ಯಂತ್ರವನ್ನು ಮಗುವಿನಂತೆ ಎದೆಗವಚಿಕೊಂಡು ಹಿಂದೆ ಕೂತರು.

ಆಸ್ಪತ್ರೆಯ ಕೋಣೆಯಲ್ಲಿ ಜವರಪ್ಪ ಏಳನೆಯ ಎಳೆಯ ಜೋಡಣೆಯನ್ನು ಕತ್ತರಿಸಿಹಾಕಿದರು. ಸಿಪ್ಪೆ ಸುಲಿದರು, ಸ್ಪಿರಿಟ್ಟಿನಲ್ಲಿ ಒರೆಸಿದರು, ತುದಿ ಕತ್ತರಿಸಿ ಯಂತ್ರದಲ್ಲಿಟ್ಟರು. ಯಂತ್ರದ ಪರದೆಯಲ್ಲಿ ಎಳೆಯ ತುದಿ ಹೆಬ್ಬೆರಳಿನಷ್ಟು ದಪ್ಪವಾಗಿ ಕಂಡಿತು.

"ಹೇಗಿದೆ?"

ತುದಿ ಓರೆಯಾಗಿತ್ತು. ನಂಜಮಣಿ ನೆಲ ನೋಡಿದಳು.

"ನೆಲದಲ್ಲಿ ಏನಿದೆಯಮ್ಮ? ಇಲ್ಲಿ ನೋಡು."

"ಸರಿಯಿಲ್ಲ ಮೇಷ್ಟ್ರೇ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

ಜವರಪ್ಪ ಮತ್ತೆ ಕತ್ತರಿಸಿದರು. ಬೆರಳು ಸಣ್ಣಗೆ ನಡುಗುತ್ತಿತ್ತು.

"ಈಗ?"

"ಸರಿಯಿಲ್ಲ."

"ಯಾಕೆ?"

"ಅಂಚು ಚಕ್ಕೆ ಎದ್ದಿದೆ."

"ಎಷ್ಟು?"

"ಬಿಡಕ್ಕಾಗದಷ್ಟು ಮೇಷ್ಟ್ರೇ."

ಈ ಸಲ ಅವಳ ದನಿ ಕೋಣೆಯಾಚೆಗೂ ಕೇಳಿಸಿತು. ಬಾಗಿಲಲ್ಲಿ ಹೋಗುತ್ತಿದ್ದ ನರ್ಸಮ್ಮ ಒಂದು ಕ್ಷಣ ನಿಂತು ನೋಡಿ ಹೋದರು.

ಜವರಪ್ಪ ಎದ್ದು ಸ್ಟೂಲು ಬಿಟ್ಟುಕೊಟ್ಟರು.

"ನೀನು ಕೂತ್ಕೊ."

ನಂಜಮಣಿ ಕತ್ತರಿಸಿ ಇಟ್ಟಳು. ಜವರಪ್ಪ ಕನ್ನಡಕ ಸರಿಮಾಡಿಕೊಂಡು, ಕತ್ತು ಹಿಂದಕ್ಕೆಳೆದು ದೂರದಿಂದ ಪರದೆ ನೋಡಿದರು.

"ಸರಿಯಿಲ್ಲ. ಧೂಳು."

ಅವಳಿಗೆ ಅಳುವಿನ ನಡುವೆಯೂ ನಗು ಬಂತು. ಮತ್ತೆ ಒರೆಸಿ, ಮತ್ತೆ ಕತ್ತರಿಸಿದಳು. ಯಂತ್ರದೊಳಗೆ ಒಂದು ಕಿಡಿ ಹಾರಿತು. ಎಳೆಗೆ ಎಳೆ ಬೆಸೆಯಿತು.

ಮೀಟರ್ ಹಚ್ಚಿದರು. ಗೆರೆ ಎಲ್ಲೂ ಇಳಿಯದೆ ಸಾಗಿಹೋಯಿತು.

ಜವರಪ್ಪ ಹೊಸ ಹಾಳೆ ಕೊಟ್ಟರು. ನಂಜಮಣಿ ಏಳನೆಯ ಸಾಲಿನಲ್ಲಿ, ಮೊದಲ ಜೋಡಣೆ ಕೆಟ್ಟಿತ್ತು, ಹೊಸದಾಗಿ ಬೆಸೆಯಲಾಗಿದೆ ಎಂದು ಬರೆದಳು. 'ಮೊದಲು ಜೋಡಿಸಿದವರು' ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

"ಬರಿ," ಎಂದರು ಅವರು. "ಎಂಟು ತಿಂಗಳಾಯ್ತು, ನನ್ನ ಹೆಸರು ಮರೆತುಹೋಯ್ತಾ?"

ಬರೆದಳು.

"ಕೆಳಗೆ ನಿನ್ನ ಸಹಿ ಹಾಕು. ಇವತ್ತಿಂದ ನಿನ್ನ ಸಹಿ ನಡೆಯುತ್ತೆ."

ಅವಳು ಸಹಿ ಹಾಕಿದಳು. ಪೆನ್ನಿನ ಮುಚ್ಚಳ ಹಾಕಿ ಕೇಳಿದಳು.

"ನಿಮಗೆ ಬೇಸರ ಆಯ್ತಾ ಮೇಷ್ಟ್ರೇ?"

ಜವರಪ್ಪ ಗೋಡೆಪೆಟ್ಟಿಗೆಯ ಬಾಗಿಲು ಹಾಕಿ, ಅವಳ ತಲೆಯ ಮೇಲೆ ಕೈಯಿಟ್ಟರು.

"ಬೇಸರ ಇದೆ ಕಣಮ್ಮ, ನೀನು ತಪ್ಪು ತೋರಿಸಿದ್ದಕ್ಕಲ್ಲ. ಮುನ್ನೂರು ಜನಕ್ಕೆ ನೋಡೋದು ಕಲಿಸಿದೆ. ನನ್ನ ಕೆಲಸದ ಮುಂದೆ ಬಂದಾಗ ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿಕೊಂಡರು."